ಎದೆ ಉರಿಗೆ ಒಂದು ಮಾತ್ರೆ, ರಕ್ತ ಕಡಿಮೆಗೆ ಇನ್ನೊಂದು: ಒಂದು ಹಯಾಟಲ್ ಹರ್ನಿಯಾ ಪ್ರಕರಣ

ಶಿರಸಿ ಸೀಮೆಯ ಒಂದು ಅಡಿಕೆ ತೋಟದ ಮನೆಯಲ್ಲಿ ನಡೆದದ್ದು ಇದು. ಹೆಸರು, ಊರು ಮತ್ತು ಮನೆಯವರ ಗುರುತು ಹಿಡಿಯಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಆಸ್ಪತ್ರೆಗಳ ಹೆಸರನ್ನೂ ಬರೆದಿಲ್ಲ. ರೋಗಿಯನ್ನು ಇಲ್ಲಿ ಸಾವಿತ್ರಕ್ಕ ಎಂದು ಕರೆಯುತ್ತೇನೆ. ಹಯಾಟಲ್ ಹರ್ನಿಯಾ ಅಂದರೆ ಜಠರದ ಮೇಲ್ಭಾಗ ಎದೆಯೊಳಗೆ ನುಸುಳುವುದು. ಅದು ಇರುವ ಹೆಚ್ಚಿನವರಿಗೆ ಇಷ್ಟೆಲ್ಲ ತೊಂದರೆ ಆಗುವುದಿಲ್ಲ. ಹಾಗಿದ್ದೂ ಬರೆಯುತ್ತಿರುವುದಕ್ಕೆ ಕಾರಣವಿದೆ: ಸಾವಿತ್ರಕ್ಕನ ಎರಡು ತೊಂದರೆಗಳಿಗೆ ಮೂಲ ಒಂದೇ ಎಂದು ಗೊತ್ತಾಗಲು ಒಂದು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಇಂಥ ಎರಡು ತೊಂದರೆಗಳು ಬೇರೆ ಬೇರೆ ಮಾತ್ರೆ ಡಬ್ಬಿಗಳಲ್ಲಿ ಕೂತಿವೆ.

ಹಿನ್ನೆಲೆ

ಸಾವಿತ್ರಕ್ಕನಿಗೆ ಆಗ 64 ವರ್ಷ. ಮೂರು ಹೆರಿಗೆ ಆಗಿದೆ. ಮೈತೂಕ ಸ್ವಲ್ಪ ಜಾಸ್ತಿ. ಸಕ್ಕರೆ ಕಾಯಿಲೆ ಇಲ್ಲ, ಬಿಪಿಗೆ ದಿನಕ್ಕೊಂದು ಮಾತ್ರೆ. ಮೊಣಕಾಲು ನೋವು ಹಳೆಯದು. ಊಟವಾದ ಮೇಲೆ ಕವಳ ಹಾಕುವ ರೂಢಿ, ಅದರಲ್ಲಿ ತಂಬಾಕೂ ಇರುತ್ತಿತ್ತು.

ಎದೆ ಉರಿ ಮತ್ತು ಹುಳಿತೇಗು ಎಷ್ಟೋ ವರ್ಷಗಳಿಂದ ಇದ್ದವು. ಮನೆಯಲ್ಲಿ ಎಲ್ಲರೂ ಅದನ್ನು 'ಗ್ಯಾಸ್ಟ್ರಿಕ್' ಎನ್ನುತ್ತಿದ್ದರು. ಜೀರಿಗೆ ಕಷಾಯ ಕುಡಿದರೆ ಒಂದು ದಿನ ಕಡಿಮೆ, ಮೆಡಿಕಲ್ ಶಾಪಿನ ಗುಲಾಬಿ ಬಣ್ಣದ ಸಿರಪ್ಪಿಗೆ ಇನ್ನೊಂದು ದಿನ ಕಡಿಮೆ. ಅಪ್ಪೆಹುಳಿ ಉಂಡ ದಿನ ಜಾಸ್ತಿ. ಅದೆಲ್ಲ ಮಾಮೂಲು ಎಂದು ಬಿಟ್ಟಿದ್ದರು.

ಅವರು ಹೇಳಿದ್ದರಲ್ಲಿ ಮಾಮೂಲಲ್ಲದ್ದು ಒಂದಿತ್ತು. ಉರಿ ಬರುವುದು ತಿಂದ ಪದಾರ್ಥಕ್ಕಿಂತ ಮೈಯ ಭಂಗಿ ನೋಡಿಕೊಂಡು. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ರಾತ್ರಿ ಊಟ ಮುಗಿಸಿ, ಮೆಟ್ಟುಗತ್ತಿ ಮುಂದೆ ಕೂತು ಹನ್ನೊಂದು ಗಂಟೆಯವರೆಗೂ ಅಡಿಕೆ ಸುಲಿಯುತ್ತಿದ್ದರು. ಹೊಟ್ಟೆ ತುಂಬಿರುತ್ತದೆ, ಬೆನ್ನು ಮುಂದಕ್ಕೆ ಬಾಗಿರುತ್ತದೆ, ತೊಡೆ ಹೊಟ್ಟೆಯನ್ನು ಒತ್ತುತ್ತದೆ. ಅರ್ಧ ಗಂಟೆಯೊಳಗೆ ಹುಳಿನೀರು ಗಂಟಲಿಗೆ ಬರುತ್ತಿತ್ತು. ಎದ್ದು ನಾಲ್ಕು ಹೆಜ್ಜೆ ಓಡಾಡಿದರೆ ಕೆಳಗಿಳಿಯುತ್ತಿತ್ತು. ಬಗ್ಗಿದಾಗ, ಮಲಗಿದಾಗ, ಭಾರ ಎತ್ತಿದಾಗ ಹೆಚ್ಚಾಗುವ, ಎದ್ದು ನಿಂತರೆ ಕಡಿಮೆಯಾಗುವ ಉರಿ ಹಯಾಟಲ್ ಹರ್ನಿಯಾದ ಕಡೆಗೆ ಬೆರಳು ತೋರಿಸಬಹುದು. ಇದನ್ನು ಯಾರಾದರೂ ಕೇಳಿದರೆ ಮಾತ್ರ ರೋಗಿ ಹೇಳುತ್ತಾರೆ. ತಾವಾಗಿ ಹೇಳುವವರು ಅಪರೂಪ.

ತೊಂದರೆ ಬೆಳೆದದ್ದು

ಆ ಮನೆ ಇರುವುದು ಗುಡ್ಡದ ಮೇಲೆ, ತೋಟ ಕೆಳಗೆ ಕಣಿವೆಯಲ್ಲಿ. ತೋಟದಿಂದ ಮೇಲೆ ಬರುವಾಗ ಅತ್ತೆ ದಾರಿಯಲ್ಲಿ ಕೂರುತ್ತಿದ್ದಾರೆ ಎಂಬುದನ್ನು ಮೊದಲು ಗಮನಿಸಿದ್ದು ಸೊಸೆ. ಮೊದಲು ಒಂದು ಕಡೆ, ಆಮೇಲೆ ಎರಡು ಕಡೆ. 'ವಯಸ್ಸಾಯ್ತು' ಎನ್ನುವುದು ಸಾವಿತ್ರಕ್ಕನ ಉತ್ತರ. ಮುಖ ಬಿಳಿಚಿಕೊಂಡಿದ್ದು ಕಂಡು ಸೊಸೆ ಹಟ ಮಾಡಿ ರಕ್ತ ಪರೀಕ್ಷೆ ಮಾಡಿಸಿದಳು. ಹಿಮೋಗ್ಲೋಬಿನ್ 8.4 ಬಂತು. ಹೆಂಗಸರಲ್ಲಿ ಅದು 12 ಅಥವಾ ಅದಕ್ಕಿಂತ ಹೆಚ್ಚು ಇರಬೇಕು.

ಕಬ್ಬಿಣದ ಮಾತ್ರೆ ಶುರುವಾಯಿತು. ಸೊಪ್ಪು, ಖರ್ಜೂರ, ಬೀಟ್‌ರೂಟ್ ಎಂದು ಊಟದಲ್ಲೂ ಬದಲಾವಣೆ ಮಾಡಿದರು. ತಿಂಗಳುಗಳು ಕಳೆದರೂ ಹಿಮೋಗ್ಲೋಬಿನ್ ಒಂಬತ್ತು ದಾಟಲಿಲ್ಲ. ಮಾತ್ರೆಯ ಬ್ರ್ಯಾಂಡ್ ಬದಲಾಯಿತು. ಅದರ ಜೊತೆಗೇ ಮೊಣಕಾಲು ನೋವಿಗೆ ಚೀಟಿ ಇಲ್ಲದೆ ಡೈಕ್ಲೋಫೆನಾಕ್ ತಂದು ನುಂಗುವುದೂ ನಡೆದಿತ್ತು. ನೋವಿನ ಮಾತ್ರೆಯನ್ನು ಅವರು ಔಷಧಿಯ ಲೆಕ್ಕಕ್ಕೇ ಹಿಡಿದಿರಲಿಲ್ಲ. ಹಾಗಾಗಿ ಯಾವ ವೈದ್ಯರ ಮುಂದೂ ಅದರ ಮಾತು ಬರಲಿಲ್ಲ.

ಒಂದು ರಾತ್ರಿ ಊಟವಾಗಿ ಮಲಗಿದ ಮೇಲೆ ಎದೆಯ ನಡುವೆ ಹಿಂಡಿದಂಥ ನೋವು. ಮಗ ಕಾರು ತೆಗೆದು ಪೇಟೆಯ ಆಸ್ಪತ್ರೆಗೆ ಕರೆದುಕೊಂಡು ಹೋದ. ಇಸಿಜಿ ಸರಿ ಇತ್ತು. ಹೃದಯಕ್ಕೆ ಪೆಟ್ಟಾಗಿದೆಯೇ ಎಂದು ತಿಳಿಸುವ ಟ್ರೋಪೋನಿನ್ ರಕ್ತಪರೀಕ್ಷೆಯೂ ಸರಿ ಬಂತು. ಎದೆಯ ಎಕ್ಸ್‌ರೇ ತೆಗೆದರು. ಬೆಳಗಾಗುವಷ್ಟರಲ್ಲಿ ನೋವು ಹೋಗಿತ್ತು. 'ಹಾರ್ಟ್ ಚೆನ್ನಾಗಿದೆ, ಗ್ಯಾಸ್ಟ್ರಿಕ್ ಇರಬೇಕು' ಎಂದು ಕಳಿಸಿದರು.

ಆ ರಾತ್ರಿ ಮಗ ಮಾಡಿದ್ದು ನೂರಕ್ಕೆ ನೂರು ಸರಿ. ಎದೆನೋವು ಬಂದಾಗ ಅದು ಹೃದಯದ್ದೋ ಅನ್ನನಾಳದ್ದೋ ಎಂದು ಮನೆಯಲ್ಲಿ ಕೂತು ತೀರ್ಮಾನ ಮಾಡಲು ಆಗುವುದಿಲ್ಲ. ಬೆವರು, ಉಸಿರಾಟದ ಕಷ್ಟ, ತೋಳಿಗೋ ದವಡೆಗೋ ಹರಿಯುವ ನೋವು ಇದ್ದರಂತೂ ಸೋಡಾ ಕುಡಿಸಿ ಕಾಯುವ ಮಾತೇ ಇಲ್ಲ. ವರ್ಷಗಳಿಂದ ಎದೆ ಉರಿ ಇರುವವರಿಗೂ ಹೃದಯಾಘಾತ ಆಗುತ್ತದೆ. ಮೊದಲು ಹೃದಯ, ಆಮೇಲೆ ಉಳಿದದ್ದು. ಈ ಕ್ರಮವನ್ನು ಯಾರೂ ತಪ್ಪಿಸಬಾರದು. ಆದರೆ ಹೃದಯ ಚೆನ್ನಾಗಿದೆ ಎಂದು ಗೊತ್ತಾದ ಮೇಲೆ 'ಹಾಗಾದರೆ ನೋವು ಎಲ್ಲಿಂದ ಬಂತು?' ಎಂದು ಕೇಳಬೇಕಿತ್ತು. ಆ ಪ್ರಶ್ನೆ ಅಲ್ಲಿಗೇ ನಿಂತುಹೋಯಿತು.

ಎರಡು ಎಳೆ ಕೂಡಿದ್ದು

ಅವರು ನನ್ನ ಹತ್ತಿರ ಬಂದಾಗ ಹಿಮೋಗ್ಲೋಬಿನ್ 7.3 ಆಗಿತ್ತು. ಕಬ್ಬಿಣದ ಮಾತ್ರೆ ತೆಗೆದುಕೊಳ್ಳುತ್ತಿದ್ದರೂ ಇಳಿದಿದೆ. ಕೆಂಪು ರಕ್ತಕಣಗಳು ಗಾತ್ರದಲ್ಲಿ ಚಿಕ್ಕವಾಗಿದ್ದವು, ಫೆರಿಟಿನ್ ತೀರಾ ಕಡಿಮೆ. ಅಂದರೆ ಮೈಯಲ್ಲಿ ಕಬ್ಬಿಣದ ದಾಸ್ತಾನು ಖಾಲಿ. ಮುಟ್ಟು ನಿಂತು ಹದಿನೈದು ವರ್ಷ ಕಳೆದಿರುವ ಹೆಂಗಸಿಗೆ ಕಬ್ಬಿಣ ಎಲ್ಲಿ ಸೋರುತ್ತಿದೆ? ಈ ವಯಸ್ಸಿನಲ್ಲಿ ಇಂಥ ರಕ್ತಹೀನತೆ ಕಂಡರೆ, ಬೇರೆ ಕಾರಣ ಸಿಗುವವರೆಗೆ ಹೊಟ್ಟೆ ಅಥವಾ ಕರುಳಿನಲ್ಲಿ ರಕ್ತ ಹೋಗುತ್ತಿದೆ ಎಂದೇ ಹಿಡಿದು ಹುಡುಕಬೇಕು.

ಮಲದ ಬಣ್ಣ ಕೇಳಿದೆ. 'ಕಪ್ಪು. ಅದು ಕಬ್ಬಿಣದ ಮಾತ್ರೆಗೆ ಡಾಕ್ಟ್ರೇ, ಎಲ್ಲರಿಗೂ ಹಾಗೇ ಆಗ್ತದೆ ಅಂದಿದ್ದಾರೆ' ಎಂದರು. ಅದೂ ನಿಜವೇ. ಕಬ್ಬಿಣದ ಮಾತ್ರೆಯಿಂದ ಮಲ ಹಸಿರುಗಪ್ಪು ಆಗುತ್ತದೆ, ಆದರೆ ಗಟ್ಟಿಯಾಗಿಯೇ ಇರುತ್ತದೆ. ಹೊಟ್ಟೆಯೊಳಗೆ ರಕ್ತ ಸೋರಿದಾಗ ಮಲ ಡಾಂಬರಿನಷ್ಟು ಕಪ್ಪಗೆ, ಅಂಟಂಟಾಗಿ, ವಿಪರೀತ ವಾಸನೆಯಿಂದ ಕೂಡಿರುತ್ತದೆ. ಅದಕ್ಕೇ ಇನ್ನೊಂದು ಪ್ರಶ್ನೆ ಕೇಳಿದೆ: 'ಮಾತ್ರೆ ತಪ್ಪಿದ ದಿನಗಳಲ್ಲಿ ಹೇಗಿತ್ತು?'

ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿದರು. ಮಗಳ ಮನೆಗೆ ಹೋದಾಗ ಮಾತ್ರೆ ಡಬ್ಬಿ ಮರೆತು ಹೋಗಿದ್ದರಂತೆ. ಹದಿನೈದು ದಿನ ಅಲ್ಲೇ ಇದ್ದರು. 'ಹೌದಲ್ಲ, ಆಗಲೂ ಎರಡು ಮೂರು ದಿನ ಹಾಗೇ ಅಂಟಂಟಾಗಿತ್ತು' ಎಂದರು. ನೋವಿನ ಮಾತ್ರೆಯ ವಿಷಯ ಹೊರಗೆ ಬಂದದ್ದೂ ಅದೇ ಮಾತಿನಲ್ಲಿ. ಮಗಳ ಮನೆಯ ಮೆಟ್ಟಿಲು ಹತ್ತಿ ಇಳಿದು ಕಾಲುನೋವು ಜಾಸ್ತಿಯಾಗಿ ದಿನಕ್ಕೆ ಎರಡು ಮಾತ್ರೆ ನುಂಗಿದ್ದರು.

ಮಗ ತಂದಿದ್ದ ಪ್ಲಾಸ್ಟಿಕ್ ಚೀಲದಲ್ಲಿ ಎದೆನೋವಿನ ರಾತ್ರಿಯ ಎಕ್ಸ್‌ರೇ ಇತ್ತು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆವು. ಹೃದಯದ ನೆರಳಿನ ಹಿಂದೆ ಇನ್ನೊಂದು ದುಂಡಗಿನ ನೆರಳು. ಅದರ ಮೇಲಿನ ಅರ್ಧ ಕಪ್ಪು, ಕೆಳಗಿನ ಅರ್ಧ ಬೆಳ್ಳಗೆ, ನಡುವೆ ಸ್ಕೇಲು ಇಟ್ಟು ಎಳೆದಂಥ ನೇರ ಗೆರೆ. ಮೇಲಿರುವುದು ಗಾಳಿ, ಕೆಳಗಿರುವುದು ನೀರು. ಎದೆಯಲ್ಲಿ ಹೃದಯದ ಹಿಂದೆ ಗಾಳಿ ಮತ್ತು ನೀರು ಎರಡೂ ಇರುವ ಚೀಲ ಕಂಡರೆ, ಅದು ಮೇಲೆ ಬಂದ ಹೊಟ್ಟೆಯಾಗಿರುವ ಸಂಭವವೇ ಹೆಚ್ಚು. 'ಹೊಟ್ಟೆ ಎದೆಯಲ್ಲಾ?' ಎಂದು ಮಗ ಎರಡು ಸಲ ಕೇಳಿದ.

ಎದೆ ಮತ್ತು ಹೊಟ್ಟೆಯ ನಡುವೆ ವಪೆ ಎಂಬ ಸ್ನಾಯುವಿನ ಪದರ ಇದೆ. ಉಸಿರಾಡುವಾಗ ಏರಿಳಿಯುವುದು ಅದೇ. ಅನ್ನನಾಳ ಅದರಲ್ಲಿರುವ ಒಂದು ತೂತಿನ ಮೂಲಕ ಕೆಳಗಿಳಿದು ಹೊಟ್ಟೆಯನ್ನು, ಅಂದರೆ ಜಠರವನ್ನು, ಸೇರುತ್ತದೆ. ವಯಸ್ಸು, ಬೊಜ್ಜು, ಬಸಿರು, ಬಿಡದ ಕೆಮ್ಮು, ಭಾರ ಎತ್ತುವುದು, ಮಲಬದ್ಧತೆಯಿಂದ ಮುಕ್ಕರಿಯುವುದು ಇವೆಲ್ಲ ಸೇರಿ ಆ ತೂತು ಸಡಿಲವಾಗುತ್ತದೆ. ಆಗ ಜಠರದ ಮೇಲ್ಭಾಗ ಎದೆಯೊಳಗೆ ನುಸುಳುತ್ತದೆ. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಜನರಲ್ಲಿ ಇದು ಜಾರುವ ಬಗೆಯದು. ಮೇಲೆ ಹೋಗುತ್ತದೆ, ಕೆಳಗೆ ಬರುತ್ತದೆ. ಕೆಲವರಿಗೆ ಎದೆ ಉರಿ, ಹಲವರಿಗೆ ಏನೂ ಇಲ್ಲ. ಉಳಿದ ಕೆಲವರಲ್ಲಿ ಜಠರ ಅನ್ನನಾಳದ ಪಕ್ಕದಲ್ಲೇ ಮೇಲೆ ಉರುಳಿ ಬರುತ್ತದೆ. ಅದು ಸಿಕ್ಕಿಹಾಕಿಕೊಳ್ಳಬಹುದು, ತಿರುಚಿಕೊಳ್ಳಲೂಬಹುದು.

ಪ್ರಯತ್ನಿಸಿದ್ದು

ಮೊದಲ ತೀರ್ಮಾನ ರಕ್ತ ಕೊಡುವುದೋ ಬೇಡವೋ ಎಂಬುದು. ಸಾಮಾನ್ಯವಾಗಿ ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿಳಿದಾಗ ರಕ್ತ ಕೊಡುವ ಯೋಚನೆ ಬರುತ್ತದೆ. ಸಾವಿತ್ರಕ್ಕ ಗಡಿಯಲ್ಲಿದ್ದರು. ಕೂತಾಗ ಉಸಿರು ಸರಾಗವಾಗಿತ್ತು, ನಾಡಿ ಸ್ಥಿರವಾಗಿತ್ತು, ಆ ದಿನಗಳಲ್ಲಿ ಹೊಸದಾಗಿ ಕಪ್ಪು ಮಲ ಹೋಗಿರಲಿಲ್ಲ. ರಕ್ತನಾಳದ ಮೂಲಕ ಕಬ್ಬಿಣ ಕೊಟ್ಟು ಬೇಗ ಎಂಡೋಸ್ಕೋಪಿ (ಬಾಯಿಯಿಂದ ಕ್ಯಾಮರಾ ನಳಿಕೆ ಇಳಿಸಿ ಜಠರ ನೋಡುವುದು) ಮಾಡಿಸುವುದು ಎಂದಾಯಿತು. ಡೈಕ್ಲೋಫೆನಾಕ್ ಅದೇ ದಿನ ಬಂದ್.

ಎಂಡೋಸ್ಕೋಪಿಯಲ್ಲಿ ದೊಡ್ಡ ಹಯಾಟಲ್ ಹರ್ನಿಯಾ ಕಂಡಿತು. ಜಠರದ ಮೂರರಲ್ಲಿ ಒಂದು ಭಾಗ ಎದೆಯಲ್ಲಿತ್ತು. ವಪೆ ಒತ್ತುವ ಜಾಗದಲ್ಲಿ ಜಠರದ ಮಡಿಕೆಗಳ ಮೇಲೆ ಉದ್ದುದ್ದ ಗೀರುಗಳಂಥ ಹುಣ್ಣುಗಳು. ಇವಕ್ಕೆ ಕ್ಯಾಮರಾನ್ ಹುಣ್ಣು ಎನ್ನುತ್ತಾರೆ. ದೊಡ್ಡ ಹರ್ನಿಯಾ ಮತ್ತು ರಕ್ತಹೀನತೆಯ ನಡುವಿನ ಈ ಕೊಂಡಿಯನ್ನು 1986ರಲ್ಲಿ ವಿವರಿಸಿದ ವೈದ್ಯರೊಬ್ಬರ ಹೆಸರು ಅದು. ಉಸಿರಾಡಿದಾಗಲೆಲ್ಲ ಜಠರ ಆ ತೂತಿನ ಅಂಚಿಗೆ ತಿಕ್ಕುತ್ತದೆ, ಬಾವಿಕಟ್ಟೆಯ ಅಂಚಿಗೆ ಹಗ್ಗ ತಿಕ್ಕಿದ ಹಾಗೆ. ರಕ್ತ ಒಸರುವುದು ಸ್ವಲ್ಪ ಸ್ವಲ್ಪವೇ. ಹಾಗಾಗಿ ಎಷ್ಟೋ ಸಲ ಮಲದ ಬಣ್ಣವೂ ಬದಲಾಗುವುದಿಲ್ಲ. ಕಬ್ಬಿಣ ಮಾತ್ರ ಖಾಲಿಯಾಗುತ್ತಾ ಹೋಗುತ್ತದೆ. ಸಾವಿತ್ರಕ್ಕನ ವಿಷಯದಲ್ಲಿ ನೋವಿನ ಮಾತ್ರೆ ಇದನ್ನು ಇನ್ನಷ್ಟು ಕೆದಕಿತ್ತು.

ಇಲ್ಲಿ ಒಂದು ಚರ್ಚೆ ನಡೆಯಿತು. ಕಾರಣ ಸಿಕ್ಕಿತಲ್ಲ, ಇನ್ನು ದೊಡ್ಡ ಕರುಳನ್ನು ಕ್ಯಾಮರಾದಿಂದ ನೋಡುವ ಕೊಲೊನೊಸ್ಕೋಪಿ ಯಾಕೆ ಎಂದು ಮನೆಯವರು ಕೇಳಿದರು. ಖರ್ಚು, ಓಡಾಟ, ಹೊಟ್ಟೆ ಖಾಲಿ ಮಾಡಿಸುವ ತ್ರಾಸು ಎಲ್ಲ ಸೇರಿ ಅವರಿಗೆ ಅದು ಬೇಡವಾಗಿತ್ತು. ಆದರೆ ಈ ವಯಸ್ಸಿನ ರಕ್ತಹೀನತೆಯಲ್ಲಿ ಮೇಲೆ ಒಂದು ಕಾರಣ ಸಿಕ್ಕಿದ ಮಾತ್ರಕ್ಕೆ ಕೆಳಗೆ ದೊಡ್ಡ ಕರುಳಿನಲ್ಲಿ ಗಡ್ಡೆ ಇಲ್ಲ ಎಂದಾಗುವುದಿಲ್ಲ. ಎರಡೂ ನೋಡಲೇಬೇಕು ಎಂದು ನಾನು ಪಟ್ಟು ಹಿಡಿದೆ. ಮಾಡಿಸಿದರು. ಏನೂ ಇರಲಿಲ್ಲ.

ಶಸ್ತ್ರಚಿಕಿತ್ಸೆಯ ಮಾತು ಬಂದಾಗ ಸಾವಿತ್ರಕ್ಕ ಕೈ ಮುಗಿದುಬಿಟ್ಟರು. ಔಷಧಿಯಲ್ಲೇ ನೋಡೋಣ ಎಂದಾಯಿತು. ಜಠರದ ಆಮ್ಲ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್ ಮಾತ್ರೆಯನ್ನು ಬೆಳಗಿನ ತಿಂಡಿಗೆ ಅರ್ಧ ಗಂಟೆ ಮೊದಲು, ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಬೇಕು. ಎಷ್ಟೋ ಜನ ಇದನ್ನು ಊಟವಾದ ಮೇಲೆ ಉರಿ ಬಂದಾಗ ನುಂಗಿ, ಮಾತ್ರೆ ಕೆಲಸ ಮಾಡ್ತಿಲ್ಲ ಅಂತಾರೆ. ಮೊಣಕಾಲಿಗೆ ಪ್ಯಾರಸಿಟಮಾಲ್ ಮತ್ತು ವ್ಯಾಯಾಮ. ರಾತ್ರಿ ಊಟ ಏಳು ಗಂಟೆಗೆ, ಮಲಗುವುದು ಹತ್ತಕ್ಕೆ. ಅಡಿಕೆ ಸುಲಿಯುವುದು ಸಂಜೆ ಊಟಕ್ಕೆ ಮೊದಲು ಮಾತ್ರ. ಕವಳದಿಂದ ತಂಬಾಕು ಹೊರಗೆ. ಮಗ ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಮರದ ದಿಮ್ಮಿ ಇಟ್ಟು ಹದಿನೈದು ಇಪ್ಪತ್ತು ಸೆಂಟಿಮೀಟರ್ ಎತ್ತರಿಸಿದ. ಎರಡು ದಿಂಬು ಇಟ್ಟುಕೊಂಡರೆ ಸಾಲದು, ಕುತ್ತಿಗೆ ಮಾತ್ರ ಬಾಗಿ ಹೊಟ್ಟೆ ಇನ್ನೂ ಒತ್ತುತ್ತದೆ. ಇಡೀ ಮಂಚವೇ ಇಳಿಜಾರಾಗಬೇಕು.

ಜೊತೆಗೆ ಒಂದು ಕಾಗದದಲ್ಲಿ ಕಾಯಬಾರದ ಲಕ್ಷಣಗಳನ್ನು ಬರೆದುಕೊಟ್ಟೆ. ರಕ್ತ ವಾಂತಿ ಅಥವಾ ಕಾಫಿ ಚರಟದಂಥ ವಾಂತಿ. ಡಾಂಬರಿನಂಥ ಮಲ. ತಲೆಸುತ್ತಿ ಬೀಳುವುದು. ನುಂಗಿದ್ದು ಎದೆಯಲ್ಲೇ ನಿಂತುಬಿಡುವುದು. ಎದೆ ಅಥವಾ ಮೇಲ್ಹೊಟ್ಟೆಯಲ್ಲಿ ತಡೆಯಲಾರದ ನೋವು ಬಂದು, ಓಕರಿಕೆ ಮೇಲೆ ಓಕರಿಕೆ ಬಂದರೂ ಏನೂ ಹೊರಗೆ ಬಾರದಿರುವುದು. ಈ ಕೊನೆಯದಕ್ಕೆ ಎರಡು ಗೆರೆ ಎಳೆದಿದ್ದೆ. ಜಠರ ತಿರುಚಿಕೊಂಡಾಗ ಹೀಗಾಗುತ್ತದೆ. ರಕ್ತ ಓಡಾಟ ನಿಂತರೆ ಜಠರದ ಗೋಡೆಯೇ ಕೊಳೆಯಬಹುದು. ಅಂಥ ಹೊತ್ತಿನಲ್ಲಿ ಗಂಟೆಗಳ ಲೆಕ್ಕ.

ಎಲ್ಲಿಗೆ ಹೋಗುವುದು ಎಂಬುದನ್ನೂ ಮೊದಲೇ ಮಾತಾಡಿಕೊಂಡೆವು. ನಮ್ಮ ಜಿಲ್ಲೆಯಲ್ಲಿ ಇದು ಸಣ್ಣ ವಿಷಯ ಅಲ್ಲ. ಮಲ್ಟಿ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂದು ಉತ್ತರ ಕನ್ನಡದ ಜನ ಎಷ್ಟು ವರ್ಷಗಳಿಂದ ಕೇಳುತ್ತಿದ್ದಾರೆ. 2022ರಲ್ಲಿ ಅದು ದೊಡ್ಡ ಅಭಿಯಾನವೇ ಆಗಿತ್ತು. ದೊಡ್ಡ ಕಾಯಿಲೆ ಬಂದರೆ ಕಾರವಾರದವರು ಗೋವಾಕ್ಕೆ, ಭಟ್ಕಳ ಹೊನ್ನಾವರದವರು ಮಣಿಪಾಲ ಮಂಗಳೂರಿಗೆ, ಶಿರಸಿ ಕಡೆಯವರು ಹುಬ್ಬಳ್ಳಿಗೆ ಓಡುವುದು ಇಂದಿಗೂ ತಪ್ಪಿಲ್ಲ. ಮಳೆಗಾಲದಲ್ಲಿ ಘಟ್ಟದ ದಾರಿಯನ್ನು ನಂಬುವಂತಿಲ್ಲ. ಹಾಗಾಗಿ ಇವರ ಕಾಗದದ ಕೊನೆಯಲ್ಲಿ ಹುಬ್ಬಳ್ಳಿಯ ಆಸ್ಪತ್ರೆಯ ತುರ್ತು ವಿಭಾಗದ ನಂಬರ್ ಮತ್ತು 108 ಬರೆದಿತ್ತು.

ನಡೆದದ್ದು

ನಾಲ್ಕು ತಿಂಗಳಲ್ಲಿ ಹಿಮೋಗ್ಲೋಬಿನ್ 11.6 ಆಯಿತು. ಸಾವಿತ್ರಕ್ಕ ತೋಟದಿಂದ ಮನೆಗೆ ನಿಲ್ಲದೆ ಹತ್ತಿದರು. ಎಲ್ಲ ಸರಿಯಾಯಿತಲ್ಲ ಎಂದು ಪ್ಯಾಂಟೊಪ್ರಜೋಲ್ ಬಿಟ್ಟರು. 'ಸುಮ್ನೆ ಯಾಕೆ ಮಾತ್ರೆ' ಎಂದು ನೆಂಟರೊಬ್ಬರೂ ಹೇಳಿದ್ದರಂತೆ. ಉರಿ ಮರಳಿತು. ಮುಂದಿನ ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9.8. ಮಾತ್ರೆ ಹುಣ್ಣು ಮಾಯಿಸಿತ್ತೇ ಹೊರತು ಹರ್ನಿಯಾವನ್ನು ಕೆಳಗೆ ಇಳಿಸಿರಲಿಲ್ಲ. ತಿಕ್ಕಾಟ ಹಾಗೇ ಇತ್ತು. ಮತ್ತೆ ಶುರು ಮಾಡಿಸಿ, ಶಸ್ತ್ರಚಿಕಿತ್ಸಕರನ್ನು ಒಮ್ಮೆ ಭೇಟಿಯಾಗುವ ದಿನವನ್ನೂ ನಿಗದಿ ಮಾಡಿದೆವು.

ಆ ದಿನ ಬರುವ ಮೊದಲೇ ಮಳೆಗಾಲದ ಒಂದು ರಾತ್ರಿ ಮೇಲ್ಹೊಟ್ಟೆಯಲ್ಲಿ ನೋವು ಶುರುವಾಯಿತು. ಕರೆಂಟ್ ಹೋಗಿತ್ತು. ಓಕರಿಕೆ ಬಂತು, ವಾಂತಿ ಬರಲಿಲ್ಲ. ಮತ್ತೆ ಓಕರಿಕೆ, ಬಾಯಲ್ಲಿ ಬರೀ ಎಂಜಲು. ಸಾವಿತ್ರಕ್ಕ ಬೆಳಗಿನವರೆಗೆ ನೋಡೋಣ ಎಂದರು. ಸೊಸೆ ಮೊಬೈಲ್ ಬೆಳಕಿನಲ್ಲಿ ಕಾಗದ ನೋಡಿ 'ಇದು ಎರಡು ಗೆರೆ ಎಳೆದದ್ದೇ ಅತ್ತೆ, ಏಳಿ' ಎಂದಳು. ಹನ್ನೆರಡರ ಮೊದಲೇ ಅವರು ಶಿರಸಿಯ ಆಸ್ಪತ್ರೆಯಲ್ಲಿದ್ದರು. ಅಲ್ಲಿ ಮೊದಲು ಇಸಿಜಿ ಮಾಡಿದರು. ಆಮೇಲೆ ಸೊಸೆ ಕೊಟ್ಟ ಎಂಡೋಸ್ಕೋಪಿ ವರದಿ ಓದಿದ ಡ್ಯೂಟಿ ವೈದ್ಯರು ಮೂಗಿನ ಮೂಲಕ ಜಠರಕ್ಕೆ ನಳಿಕೆ ಇಳಿಸಿದರು. ಗಾಳಿ ಮತ್ತು ಕಪ್ಪುಕಂದು ನೀರು ಬಹಳಷ್ಟು ಹೊರಬಂತು. ನೋವು ಅರ್ಧಕ್ಕಿಳಿಯಿತು. ನಳಿಕೆ ಇಳಿದದ್ದು ದೊಡ್ಡ ಅದೃಷ್ಟ. ಪೂರ್ತಿ ತಿರುಚಿಕೊಂಡಿದ್ದರೆ ಅದು ಇಳಿಯುವುದೇ ಕಷ್ಟ. ನೋವು ಇಳಿಯಿತೆಂದು ಅಲ್ಲೇ ಉಳಿಸದೆ, ನಳಿಕೆ ಸಮೇತ ಆಂಬುಲೆನ್ಸಿನಲ್ಲಿ ಸುಮಾರು 100 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಕಳಿಸಿದರು. ಆ ವೈದ್ಯರ ಈ ತೀರ್ಮಾನ ಇಡೀ ಪ್ರಕರಣದಲ್ಲಿ ಬಹಳ ಮುಖ್ಯವಾದದ್ದು.

ಸಿಟಿ ಸ್ಕ್ಯಾನಿನಲ್ಲಿ ಜಠರ ಭಾಗಶಃ ತಿರುಚಿಕೊಂಡಿದ್ದು ಕಂಡಿತು. ರಕ್ತದ ಓಡಾಟ ನಿಂತಿರಲಿಲ್ಲ. ಹಾಗಾಗಿ ಎರಡು ದಿನ ಸುಧಾರಿಸಿಕೊಳ್ಳಲು ಬಿಟ್ಟು ಲ್ಯಾಪರೋಸ್ಕೋಪಿ ಮೂಲಕ, ಅಂದರೆ ಸಣ್ಣ ತೂತುಗಳಿಂದ, ಶಸ್ತ್ರಚಿಕಿತ್ಸೆ ಮಾಡಿದರು. ಜಠರವನ್ನು ಕೆಳಗೆ ತಂದು, ವಪೆಯ ತೂತನ್ನು ಹೊಲಿದು ಕಿರಿದು ಮಾಡಿ, ಆಮ್ಲ ಮೇಲೆ ಬಾರದಂತೆ ಜಠರದ ಮೇಲ್ಭಾಗವನ್ನು ಅನ್ನನಾಳದ ಸುತ್ತ ಸುತ್ತಿದರು. ಮೊದಲ ವಾರಗಳಲ್ಲಿ ಗಂಜಿ, ಮಜ್ಜಿಗೆ, ತಿಳಿಸಾರು ಅಷ್ಟೇ. ಗಟ್ಟಿ ಪದಾರ್ಥ ನುಂಗಲು ಸ್ವಲ್ಪ ಕಷ್ಟವಾಗುತ್ತಿತ್ತು, ತೇಗು ಬಾರದೆ ಹೊಟ್ಟೆ ಉಬ್ಬರ. ಇದು ಹಲವರಿಗೆ ಆಗುತ್ತದೆ, ನಿಧಾನಕ್ಕೆ ಕಡಿಮೆಯಾಗುತ್ತದೆ. ಇವರಿಗೂ ಕಡಿಮೆಯಾಯಿತು.

ಬೇರೆಯವರಿಗೆ ಇದರಿಂದ ಏನು

ಮಗ ಆಮೇಲೆ ಕೇಳಿದ ಪ್ರಶ್ನೆ ಓದುಗರಿಗೂ ಬರಬಹುದು: ಎದೆ ಉರಿ ಇರುವವರೆಲ್ಲ ಎಂಡೋಸ್ಕೋಪಿ ಮಾಡಿಸಬೇಕಾ? ಬೇಡ. ವಾರಕ್ಕೊಮ್ಮೆ ಉರಿ ಬಂದು ಊಟ, ನಿದ್ದೆಯ ಸಮಯ ಬದಲಿಸಿದರೆ ಹೋಗುವಂಥದ್ದಕ್ಕೆ ಅದರ ಅಗತ್ಯ ಇಲ್ಲ. ಎರಡು ತಿಂಗಳು ಮಾತ್ರೆ ಸರಿಯಾಗಿ ತೆಗೆದುಕೊಂಡರೂ ಉರಿ ಬಿಡದಿದ್ದರೆ ತೋರಿಸಿ. ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಯುವುದು, ಮತ್ತೆ ಮತ್ತೆ ವಾಂತಿ, ರಕ್ತ ಕಡಿಮೆ, ಕಪ್ಪು ಮಲ, ಇವುಗಳಲ್ಲಿ ಒಂದಿದ್ದರೂ ಎರಡು ತಿಂಗಳು ಕಾಯಬೇಡಿ. ಅರವತ್ತರ ಆಚೆ ಈಚೆ ಮೊದಲ ಸಲ ಹೊಸದಾಗಿ ಹೊಟ್ಟೆಯ ತೊಂದರೆ ಶುರುವಾದರೂ ಅಷ್ಟೇ.

ವೈದ್ಯರ ಹತ್ತಿರ ಹೋಗುವಾಗ ಚೀಟಿ ಇಲ್ಲದೆ ನುಂಗುವ ಮಾತ್ರೆಗಳನ್ನೂ ಚೀಲಕ್ಕೆ ಹಾಕಿಕೊಳ್ಳಿ. ಹಳೆಯ ಎಕ್ಸ್‌ರೇಗಳನ್ನು ಎಸೆಯಬೇಡಿ. ಕಬ್ಬಿಣದ ಮಾತ್ರೆ ಕೊಟ್ಟವರನ್ನು 'ರಕ್ತ ಯಾಕೆ ಕಡಿಮೆಯಾಯಿತು?' ಎಂದು ಕೇಳುವುದು ನಿಮ್ಮ ಹಕ್ಕು. ಮುಟ್ಟು ನಿಂತ ಹೆಂಗಸರು ಮತ್ತು ಗಂಡಸರು ಈ ಪ್ರಶ್ನೆಗೆ ಉತ್ತರ ಸಿಗದೆ ಸುಮ್ಮನಾಗಬಾರದು.

ಮೊದಲೇ ಶಸ್ತ್ರಚಿಕಿತ್ಸೆ ಮಾಡಿಸಬೇಕಿತ್ತಾ ಎಂಬುದಕ್ಕೆ ಒಂದೇ ಉತ್ತರ ಇಲ್ಲ. ತೊಂದರೆ ಕೊಡದ ಹರ್ನಿಯಾವನ್ನು, ಅದರಲ್ಲೂ ವಯಸ್ಸಾದವರಲ್ಲಿ, ಗಮನಿಸುತ್ತಾ ಇರುವುದೇ ಎಷ್ಟೋ ಸಲ ಸರಿ. ದೊಡ್ಡ ಹರ್ನಿಯಾದಿಂದ ರಕ್ತ ಸೋರುತ್ತಿದ್ದು, ರೋಗಿ ಆಪರೇಷನ್ ತಡೆದುಕೊಳ್ಳುವಷ್ಟು ಗಟ್ಟಿ ಇದ್ದರೆ, ಶಸ್ತ್ರಚಿಕಿತ್ಸಕರ ಮಾತನ್ನು ಶುರುವಿನಲ್ಲೇ ಒಮ್ಮೆ ಕೇಳಿಬಿಡುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಬೇಡ ಎನ್ನುವುದಾದರೂ ತಿಳಿದು ಬೇಡ ಎನ್ನಬಹುದು.

ಸಾವಿತ್ರಕ್ಕನ ಈಗಿನ ಹಿಮೋಗ್ಲೋಬಿನ್ 12.4. ಹೊಲಿದ ಜಾಗ ಮತ್ತೆ ಸಡಿಲವಾಗುವ ಸಾಧ್ಯತೆ ಇದ್ದೇ ಇರುತ್ತದೆ. ಅದಕ್ಕೆ ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮುಂದುವರಿದಿದೆ. ಹಿಂಡಿ ಚೀಲ, ಅಡಿಕೆ ಚೀಲ ಎತ್ತುವ ಕೆಲಸವನ್ನು ಮಗ ವಹಿಸಿಕೊಂಡಿದ್ದಾನೆ. ಮೊಣಕಾಲು ನೋವು ಪೂರ್ತಿ ಹೋಗಿಲ್ಲ. ಅದಕ್ಕೆ ಮೂಳೆ ವೈದ್ಯರನ್ನು ಕಾಣಲು ಈ ತಿಂಗಳು ಹೊರಟಿದ್ದಾರೆ, ಎಂಡೋಸ್ಕೋಪಿ ವರದಿಯನ್ನೂ ಜೊತೆಗೆ ಇಟ್ಟುಕೊಂಡು.